‘ರೋಗಿಯೇ ಹೇಳಿದಂತೆ’ ಎಂಬ ಸೀಲು

ಕೋವಿಡ್ ಬರುವುದಕ್ಕೆ ಎರಡು ವರ್ಷ ಮೊದಲಿನ ಮಾತು. ಆಗ ನಾನು ಹರಿಹರದ ಒಂದು ಖಾಸಗಿ ನರ್ಸಿಂಗ್ ಹೋಮಿನ ಕ್ಯಾಶುಯಲ್ಟಿಯಲ್ಲಿ, ಅಂದರೆ ತುರ್ತು ಚಿಕಿತ್ಸೆಯ ಕೊಠಡಿಯಲ್ಲಿ, ಇನ್‌ಚಾರ್ಜ್ ಸಿಸ್ಟರ್ ಆಗಿದ್ದೆ. ಕೆಲಸಕ್ಕೆ ಸೇರಿ ಇಪ್ಪತ್ತೇಳು ವರ್ಷವಾಗಿತ್ತು, ಅದರಲ್ಲಿ ಹತ್ತೊಂಬತ್ತು ವರ್ಷ ಅದೇ ಕೊಠಡಿಯಲ್ಲಿ. ಆಸ್ಪತ್ರೆಯ ಹೆಸರು ಬರೆಯುವುದಿಲ್ಲ. ಬರೆದರೆ ತಪ್ಪೆಲ್ಲ ಅದರ ತಲೆಗೆ ಹೋಗುತ್ತದೆ, ನಾನು ನುಣುಚಿಕೊಂಡಂತಾಗುತ್ತದೆ. ಈ ಪ್ರಕರಣದಲ್ಲಿ ಬೆರಳು ಕಳೆದುಕೊಂಡವಳು ಜರೀನಾ ಎಂಬ ಹೆಣ್ಣುಮಗಳು. ಅವಳಿಗೆ ಬರಬೇಕಾಗಿದ್ದ ಪರಿಹಾರವನ್ನು ಕಳೆದವಳು ನಾನು.

ಮೊದಲು ನಮ್ಮ ರಿಜಿಸ್ಟರಿನ ವಿಷಯ ಹೇಳಬೇಕು. ಗಾಯವಾಗಿ ಬಂದವರ ವಿವರ ಬರೆಯುವ ದಪ್ಪ ಪುಸ್ತಕ ಅದು. ಹೆಸರು, ವಯಸ್ಸು, ಬಂದ ಹೊತ್ತು, ಕರೆತಂದವರು, ಎಲ್ಲೆಲ್ಲಿ ಗಾಯ ಎಂದು ಸಾಲಾಗಿ ಕಾಲಂಗಳಿರುತ್ತವೆ. ಕೊನೆಯದು ‘ಹಿಸ್ಟರಿ’. ಗಾಯ ಎಲ್ಲಿ, ಹೇಗೆ ಆಯಿತು ಎಂಬುದನ್ನು ಅಲ್ಲಿ ಬರೆಯುತ್ತೇವೆ. ಪರಿಹಾರದ ಕೇಸು ಕೋರ್ಟಿಗೆ ಹೋದರೆ ವಕೀಲರು ಮೊದಲು ತೆಗೆಸುವುದು ಈ ಪುಟವನ್ನೇ. ಗಾಯವಾದ ತಕ್ಷಣ ಆಡಿದ ಮಾತು, ಅಷ್ಟರಲ್ಲಿ ಯಾರೂ ಹೇಳಿಕೊಟ್ಟಿರುವುದಿಲ್ಲ ಎಂದು ಅದಕ್ಕೆ ಬೆಲೆ. ಹಿಸ್ಟರಿಯ ಕೆಳಗೆ ನಾವೊಂದು ರಬ್ಬರ್ ಸೀಲು ಒತ್ತುತ್ತಿದ್ದೆವು: ‘ಆ್ಯಸ್ ಸ್ಟೇಟೆಡ್ ಬೈ ಪೇಶೆಂಟ್’. ರೋಗಿಯೇ ಹೇಳಿದಂತೆ ಎಂದರ್ಥ. ಆ ಸೀಲು ಮಾಡಿಸಿದವಳೂ ನಾನೇ. ದಿನಕ್ಕೆ ಇಪ್ಪತ್ತು ಸಲ ಅದೇ ನಾಲ್ಕು ಪದ ಬರೆದು ಬರೆದು ಸಾಕಾಗಿತ್ತು.

ಆದರೆ ನಮ್ಮ ಕಡೆ ರೋಗಿ ಎಲ್ಲಿ ಹೇಳುತ್ತಾನೆ? ಹೆಂಡತಿಗೆ ಗಾಯವಾದರೆ ಗಂಡ ಹೇಳುತ್ತಾನೆ. ಗಂಡನಿಗಾದರೆ ಅವನ ಅಣ್ಣ, ಕೂಲಿಯವರಿಗಾದರೆ ಮೇಸ್ತ್ರಿ. ಜೊತೆಗೆ ಬಂದವರಲ್ಲಿ ಹಿರಿಯರು ಯಾರೋ ಮಾತು ಅವರದು. ಮಲಗಿದವರು ಬಾಯಿ ತೆರೆದರೂ ‘ನೀ ಸುಮ್ಕಿರು, ನಾ ಹೇಳ್ತೀನಿ’ ಎಂದು ಮುಚ್ಚಿಸುತ್ತಾರೆ. ನಮಗೂ ಅದೇ ಹಿತವಾಗಿತ್ತು. ನರಳುವವರನ್ನು ಕೇಳುತ್ತ ಕೂತರೆ ಹತ್ತು ನಿಮಿಷ, ನಿಂತವರನ್ನು ಕೇಳಿದರೆ ಒಂದೇ ನಿಮಿಷ. ಹಾಗಾಗಿ ನಾನು ಯಾವತ್ತೂ ನಿಂತವರನ್ನು ಕೇಳಿ ಬರೆದೆ, ಮಲಗಿದವರ ಹೆಸರಿನಲ್ಲಿ ಸೀಲು ಒತ್ತಿದೆ. ಇದು ಸುಳ್ಳು ಎಂದು ನನಗೆ ಒಂದು ದಿನವೂ ಅನ್ನಿಸಲಿಲ್ಲ. ಬದಲಿಗೆ ಹೆಮ್ಮೆಯಿತ್ತು. ಹತ್ತೊಂಬತ್ತು ವರ್ಷದ ನನ್ನ ರಿಜಿಸ್ಟರುಗಳಲ್ಲಿ ಒಂದೇ ಒಂದು ಹೊಡೆದುಹಾಕಿದ ಸಾಲು ಇರಲಿಲ್ಲ. ದಾವಣಗೆರೆಯ ವಕೀಲರು ಬಂದಾಗ ‘ವಿಶಾಲಮ್ಮನೋರ ಪುಸ್ತಕ ಅಂದ್ರೆ ಎರಡ್ನೇ ಸಲ ನೋಡೋ ಹಂಗೇ ಇಲ್ಲ ಬಿಡ್ರಿ’ ಎನ್ನುತ್ತಿದ್ದರು. ನಾನು ಉಬ್ಬಿಹೋಗುತ್ತಿದ್ದೆ.

ಒಂದು ಸೋಮವಾರ ಬೆಳಿಗ್ಗೆ ಹನ್ನೊಂದೂವರೆಗೆ ಬಾಗಿಲಲ್ಲಿ ಬಿಳಿ ಕಾರು ನಿಂತಿತು. ಹಿಂದಿನ ಸೀಟಿನ ಮೇಲೆ ಪ್ಲಾಸ್ಟಿಕ್ ಹಾಳೆ ಹಾಸಿ ಒಬ್ಬ ಹೆಂಗಸನ್ನು ಕೂರಿಸಿದ್ದರು. ಮೂವತ್ತೈದರ ಒಳಗಿನ ವಯಸ್ಸು. ಬಲಗೈಗೆ ಬಟ್ಟೆಯ ದೊಡ್ಡ ಉಂಡೆ ಸುತ್ತಿತ್ತು, ರಕ್ತ ಮೊಣಕೈಗೆ ಇಳಿದಿತ್ತು. ಅವಳು ಅಳುತ್ತಿರಲಿಲ್ಲ. ಜೊತೆಗೆ ಬಂದವನು ನಲವತ್ತೈದರ ಆಸುಪಾಸಿನ, ಇಸ್ತ್ರಿ ಮಾಡಿದ ಶರ್ಟಿನ ಗಂಡಸು. ಹೆಸರು ನಾಗಭೂಷಣ ಎಂದ. ಅವಳಿಗೆ ಏನಾಗಬೇಕು ಎಂದರೆ ‘ಪಕ್ಕದ ಮನೆಯೋರು ಸಿಸ್ಟರ್’ ಎಂದ.

ನಾನು ರಿಜಿಸ್ಟರ್ ತೆರೆದೆ. ಅವನು ಬರೆಸಿದ. ಜರೀನಾ ಬಾನು, ದಾವಣಗೆರೆ. ಹರಿಹರದ ಹತ್ತಿರದ ಭಾನುವಳ್ಳಿಯಲ್ಲಿ ಪರಿಚಯದವರ ಮನೆಗೆ ಬಂದಿದ್ದಳು. ಅಲ್ಲಿ ದನಕ್ಕೆ ಮೇವು ಕತ್ತರಿಸುವ ಯಂತ್ರಕ್ಕೆ ಕೈ ಸಿಕ್ಕಿತು. ‘ಸುಮ್ನೆ ಇರ್ಲಾರ್ದೆ ನಾನೂ ಹಾಕ್ತೀನಿ ಅಂತ ಹೋದ್ಲಂತೆ ನೋಡ್ರಿ’ ಎಂದು ಅವನು ತಲೆಯಾಡಿಸಿದ. ನಾನು ಅವನನ್ನೇ ನೋಡುತ್ತ, ‘ಹೌದೇನವ್ವ?’ ಎಂದೆ. ಜರೀನಾ ಮಾತಾಡಲಿಲ್ಲ. ಇಂಥ ಹೊತ್ತಿನಲ್ಲಿ ಮಾತಾಡದಿದ್ದರೆ ಹೌದು ಎಂದೇ ಲೆಕ್ಕ. ಬರೆದೆ, ಸೀಲು ಒತ್ತಿದೆ, ಅವಳ ಎಡಗೈ ಹೆಬ್ಬೆರಳಿಗೆ ಶಾಯಿ ಹಚ್ಚಿ ಪಕ್ಕದಲ್ಲಿ ಗುರುತು ಹಾಕಿಸಿದೆ. ಅವಳಿಗೆ ಸಹಿ ಬರುತ್ತಿತ್ತು ಎಂದು ತಿಳಿದದ್ದು ಆಮೇಲೆ.

ಪರದೆ ಎಳೆದು ಬಟ್ಟೆ ಬಿಚ್ಚಿದೆ. ತೋರುಬೆರಳು, ನಡುಬೆರಳು ಬುಡದಿಂದಲೇ ಇರಲಿಲ್ಲ. ಉಂಗುರದ ಬೆರಳು ಜಜ್ಜಿ ಚಪ್ಪಟೆಯಾಗಿತ್ತು. ಮೇವಿನ ಯಂತ್ರದ ಗಾಯಗಳನ್ನು ನಾನು ಬೇಕಾದಷ್ಟು ನೋಡಿದ್ದೆ. ಸುತ್ತಲೂ ಹಳ್ಳಿಗಳು, ವರ್ಷಕ್ಕೆ ನಾಲ್ಕಾರು ಬರುತ್ತಿದ್ದವು. ಅವು ಮಚ್ಚಿನಲ್ಲಿ ಹೊಡೆದಂತೆ ಕಡಿದು ಬರುತ್ತವೆ, ಹೀಗೆ ಜಜ್ಜುವುದಿಲ್ಲ. ಕೈಗೆ ಸುತ್ತಿದ್ದು ಮಿಷನ್ ಒರೆಸುವ ವೇಸ್ಟ್ ಬಟ್ಟೆ. ಉಗುರಿನ ಸಂದಿಯಲ್ಲಿ, ಅಂಗೈ ಗೆರೆಯಲ್ಲಿ ಕಪ್ಪು ಗ್ರೀಸು ತುಂಬಿತ್ತು. ನಾನು ಅದನ್ನು ತಿಕ್ಕಿ ತಿಕ್ಕಿ ತೊಳೆಯುತ್ತಿರುವಾಗ ಅವಳು ಮೊದಲ ಸಲ ಬಾಯಿ ಬಿಟ್ಟಳು.

‘ಸಿಸ್ಟರಮ್ಮ, ಬೆರಳು ಅಲ್ಲೇ ಡೈ ಒಳಗೆ ಬಿದ್ದಾವೆ. ಯಾರಾದ್ರೂ ತರ್ತಾರಾ?’

ನನ್ನ ಯಜಮಾನರು ಹರಿಹರದ ಕಾರ್ಖಾನೆಯೊಂದರಲ್ಲಿ ಮೂವತ್ತು ವರ್ಷ ಫಿಟ್ಟರ್ ಆಗಿದ್ದವರು. ಡೈ ಎಂದರೆ ಏನೆಂದು ನನಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ತಗಡನ್ನು ಒತ್ತಿ ಆಕಾರ ಕೊಡುವ ಪ್ರೆಸ್ ಯಂತ್ರದ ಅಚ್ಚು ಅದು. ಮೇವಿನ ಯಂತ್ರದಲ್ಲಿ ಡೈ ಇರುವುದಿಲ್ಲ. ಹೊರಗೆ ನಾಗಭೂಷಣ ಫೋನಿನಲ್ಲಿ ಯಾರಿಗೋ ‘ಆಯ್ತು ಸರ್, ಎಲ್ಲಾ ಬರ್ಸಿದೀನಿ’ ಎನ್ನುತ್ತಿದ್ದುದೂ ಕೇಳಿಸಿತು.

ಆಗ ಮಾಡಬೇಕಾಗಿದ್ದ ಕೆಲಸ ಸಣ್ಣದು. ಹೊರಗೆ ಹೋಗಿ ಆ ಸಾಲನ್ನು ಹೊಡೆದುಹಾಕಿ, ಪಕ್ಕದಲ್ಲಿ ಅವಳ ಮಾತು ಬರೆದು, ಡಾಕ್ಟರ ಸಹಿ ಹಾಕಿಸಬೇಕಿತ್ತು. ಆಮೇಲೆ ಪೊಲೀಸರಿಗೆ ತಿಳಿಸಬೇಕಿತ್ತು. ದಾವಣಗೆರೆಯಲ್ಲಿ ಅಷ್ಟು ದೊಡ್ಡ ದೊಡ್ಡ ಆಸ್ಪತ್ರೆಗಳಿರುವಾಗ ಇವಳನ್ನು ಹರಿಹರದವರೆಗೆ ಯಾಕೆ ತಂದಿರಿ ಎಂದು ಆ ಮನುಷ್ಯನನ್ನು ಕೇಳಬೇಕಿತ್ತು. ಆದರೆ ಹೊಡೆದ ಗೆರೆಯಿಲ್ಲದ ನನ್ನ ಪುಸ್ತಕ ಕಣ್ಣಮುಂದೆ ಬಂತು. ಒಳಗೆ ಆಪರೇಷನ್ನಿಗೆ ತಯಾರಿ ನಡೆದಿತ್ತು. ಹೊರಗೆ ಇನ್ನೂ ಇಬ್ಬರು ಕಾಯುತ್ತಿದ್ದರು. ‘ಬೆರಳು ಬಂದ್ರೂ ಜೋಡಿಸಾಕೆ ಆಗಲ್ಲವ್ವ’ ಎಂದಷ್ಟೇ ಹೇಳಿದೆ. ಅದು ನಿಜವೂ ಆಗಿತ್ತು. ಗ್ರೀಸು ಒಂದಿಷ್ಟೂ ಉಳಿಯದಂತೆ ತೊಳೆದು ಒಳಗೆ ಕಳಿಸಿದೆ. ಗ್ರೀಸಿನ ಸುದ್ದಿ ಎಲ್ಲಿಯೂ ಬರೆಯಲಿಲ್ಲ.

ಒಂಬತ್ತು ದಿನ ಇದ್ದು ಹೋದಳು. ಆಸ್ಪತ್ರೆಯ ಖರ್ಚನ್ನೆಲ್ಲ ನಾಗಭೂಷಣನೇ ಕಟ್ಟಿದ. ಹೋಗುವಾಗ ನಮ್ಮ ಟೇಬಲ್ಲಿನ ಮೇಲೆ ಸೇಬಿನ ಪೊಟ್ಟಣ ಇಟ್ಟ. ಪಕ್ಕದ ಮನೆಯವರು ಇಷ್ಟೆಲ್ಲ ಮಾಡುತ್ತಾರೆಯೇ ಎಂದು ಯಾರೂ ಕೇಳಲಿಲ್ಲ. ಸೇಬು ಹಂಚಿಕೊಂಡು ತಿಂದೆವು, ನಾನೂ ತಿಂದೆ.

ಒಂದೂವರೆ ವರ್ಷದ ಮೇಲೆ ಒಂದು ಮಧ್ಯಾಹ್ನ ಜರೀನಾ ಬಂದಳು. ಬಲಗೈಯನ್ನು ದುಪಟ್ಟಾದ ಅಂಚಿನಲ್ಲಿ ಸುತ್ತಿಕೊಂಡಿದ್ದಳು. ನನಗೆ ಮುಖಕ್ಕಿಂತ ಮೊದಲು ಕೈ ಗುರುತು ಸಿಕ್ಕಿತು. ಅವಳೊಂದು ಜೆರಾಕ್ಸ್ ಹಾಳೆ ಬಿಡಿಸಿ ನನ್ನ ಮುಂದೆ ಇಟ್ಟಳು. ನನ್ನ ರಿಜಿಸ್ಟರಿನ ಪುಟ, ನನ್ನ ಅಕ್ಷರ, ನನ್ನ ಸೀಲು.

ಅವಳು ಹೇಳಿದ್ದು ಇಷ್ಟು. ದಾವಣಗೆರೆಯ ಕರೂರು ಕೈಗಾರಿಕಾ ಪ್ರದೇಶದಲ್ಲಿ ಬಾಗಿಲಿನ ಕೀಲು, ಕೊಂಡಿ ಮಾಡುವ ಸಣ್ಣ ಕಾರ್ಖಾನೆಯಲ್ಲಿ ಅವಳು ಆರು ವರ್ಷದಿಂದ ಪ್ರೆಸ್ ನಡೆಸುತ್ತಿದ್ದಳು. ನಾಗಭೂಷಣ ಅಲ್ಲಿಯ ಸೂಪರ್‌ವೈಸರ್. ಆ ಪ್ರೆಸ್ಸಿಗೆ ಎರಡು ಬಟನ್. ಎರಡೂ ಕೈಯಿಂದ ಒಟ್ಟಿಗೆ ಒತ್ತಿದರೆ ಮಾತ್ರ ಅಚ್ಚು ಕೆಳಗಿಳಿಯಬೇಕು, ಕೈ ಒಳಗೆ ಸಿಗಬಾರದು ಎಂದೇ ಹಾಗೆ ಮಾಡಿರುವುದು. ಕೆಲಸ ಬೇಗ ಸಾಗಲೆಂದು ಅಲ್ಲಿ ಒಂದು ಬಟನ್ನನ್ನು ಸೈಕಲ್ ಟ್ಯೂಬಿನ ತುಂಡಿನಿಂದ ಸದಾ ಒತ್ತಿದಂತೆ ಕಟ್ಟಿಬಿಟ್ಟಿದ್ದರು. ಹೀಗಾಗಿ ಒಂದು ಕೈ ಒಳಗಿರುವಾಗಲೇ ಯಂತ್ರ ಇಳಿಯಿತು.

‘ಕಾರಿನಾಗೆ ನಾಗಭೂಷಣಣ್ಣ ಹೇಳಿದ್ರು. ಪ್ರೆಸ್ ಅಂದ್ರೆ ಪೊಲೀಸ್ ಬಂದು ಬೀಗ ಹಾಕ್ತಾರೆ, ಹದಿನಾಲ್ಕು ಹೆಣ್ಮಕ್ಳ ಹೊಟ್ಟೆ ಮ್ಯಾಲೆ ಹೊಡ್ದಂಗೆ ಆಗ್ತೈತೆ, ನೀನು ಬದುಕಿರೋವರ್ಗೂ ಮಾಲೀಕರು ಕೆಲಸ ಕೊಡ್ತಾರೆ ಅಂತ. ನಂಬಿದೆ.’

ಕೆಲಸ ಕೊಟ್ಟರು, ಪ್ಯಾಕಿಂಗಿನಲ್ಲಿ. ಎಡಗೈಯಲ್ಲಿ ಪೊಟ್ಟಣ ಕಟ್ಟುವುದು ನಿಧಾನವಾಗುತ್ತದೆ ಎಂದು ನಾಲ್ಕು ತಿಂಗಳಿಗೆ ಬಿಡಿಸಿದರು. ಮನೆಯಲ್ಲಿ ಸೀರೆಗೆ ಫಾಲ್ಸ್ ಹೊಲಿಯುತ್ತಿದ್ದಳು, ಅದೂ ಹೋಗಿತ್ತು. ಗಂಡ ಟೈಲ್ಸ್ ಹಾಕುವ ಕೆಲಸಕ್ಕೆ ಊರೂರು ತಿರುಗುವವನು. ಓದುವ ಹೆಣ್ಣುಮಕ್ಕಳಿಬ್ಬರು. ಕೊನೆಗೆ ಕಾರ್ಮಿಕರ ಪರಿಹಾರ ಕಾಯ್ದೆಯ ಕೆಳಗೆ ದಾವಣಗೆರೆಯ ಕೋರ್ಟಿಗೆ ಹೋದಳು. ಈ ಕಾಯ್ದೆಯಲ್ಲಿ ಎರಡು ಸಂಗತಿ ಸಾಬೀತಾಗಬೇಕು: ಅವಳು ಅಲ್ಲಿ ಕೆಲಸಕ್ಕಿದ್ದಳು, ಮತ್ತು ಗಾಯ ಆ ಕೆಲಸದಲ್ಲೇ ಆಯಿತು. ಸಂಬಳ ಕೈಗೇ ಕೊಡುತ್ತಿದ್ದುದರಿಂದ ಮೊದಲನೆಯದಕ್ಕೆ ಕಾಗದವಿರಲಿಲ್ಲ. ಎರಡನೆಯದಕ್ಕೆ ಕಾಗದವಿತ್ತು, ಅದು ಅವಳಿಗೆ ವಿರುದ್ಧವಾಗಿತ್ತು, ಅದನ್ನು ಬರೆದವಳು ನಾನು. ಮಾಲೀಕರ ಪರವಾಗಿ ಅದನ್ನು ಹಾಜರುಪಡಿಸಿ, ಈ ಹೆಂಗಸು ಯಾರೆಂದೇ ನಮಗೆ ಗೊತ್ತಿಲ್ಲ ಎಂದು ಉತ್ತರ ಕೊಟ್ಟಿದ್ದರು.

‘ನಾನೇ ಹೇಳಿದ್ದು ಅಂತ ನಿಮ್ಮ ಸೀಲು ಐತಂತೆ. ನಾನು ಯಾವಾಗ ಹೇಳಿದ್ದೆ ಸಿಸ್ಟರಮ್ಮ?’

ನನಗೆ ಸಿಟ್ಟು ಬಂತು. ತಪ್ಪು ಮಾಡಿದವರಿಗೆ ಮೊದಲು ಬರುವುದು ಸಿಟ್ಟೇ. ‘ಅವತ್ತು ನಿನ್ನ ಬಾಯಿ ಸತ್ತಿತ್ತೇನು? ಹೌದಾ ಅಂತ ನಾನು ಕೇಳ್ಲಿಲ್ವಾ?’ ಎಂದೆ.

‘ಕೇಳಿದ್ರಿ,’ ಎಂದಳು. ‘ಅವರ ಮುಖ ನೋಡ್ಕೊಂತ ಕೇಳಿದ್ರಿ.’

ಅವಳು ಬೈದಿದ್ದರೆ ವಾಸಿಯಿತ್ತು.

ಎರಡು ತಿಂಗಳಿಗೆ ನನಗೆ ಸಮನ್ಸ್ ಬಂತು. ಕರೆಸಿದ್ದು ಮಾಲೀಕರ ಕಡೆಯವರು, ರಿಜಿಸ್ಟರ್ ತಂದು ಇದು ನನ್ನ ಅಕ್ಷರವೇ ಎಂದು ಹೇಳುವುದಕ್ಕೆ. ನಮ್ಮ ದೊಡ್ಡ ಡಾಕ್ಟರು (ಆಸ್ಪತ್ರೆ ಅವರದೇ) ಛೇಂಬರಿಗೆ ಕರೆದು ಕೂರಿಸಿದರು. ‘ವಿಶಾಲಮ್ಮ, ಪುಸ್ತಕದಾಗೆ ಇದ್ದದ್ದು ಓದಿ ಬಂದ್ಬಿಡ್ರಿ. ಮ್ಯಾಲೊಂದು ಮಾತು ಬ್ಯಾಡ. ಒಂದು ಸೀಲು ಸುಳ್ಳು ಅಂದ್ರೆ ನಮ್ಮ ಎಲ್ಲಾ ಸೀಲೂ ಸುಳ್ಳಾಗ್ತಾವೆ’ ಎಂದರು. ಅವರು ಹೆದರಿಸುತ್ತಿದ್ದಾರೆ ಎಂದುಕೊಂಡೆ. ಅವರು ಇದ್ದದ್ದನ್ನೇ ಹೇಳುತ್ತಿದ್ದರು.

ಕೋರ್ಟಿಗೆ ಹೋಗುವ ದಿನ ನಿಜ ಹೇಳುವುದು ಎಂದು ಗಟ್ಟಿ ಮಾಡಿಕೊಂಡೇ ಹೋದೆ. ಏನೋ ದೊಡ್ಡ ಕೆಲಸಕ್ಕೆ ಹೊರಟವಳಂತೆ ಒಳ್ಳೆಯ ಸೀರೆ ಉಟ್ಟಿದ್ದೆ. ನೆನೆದರೆ ಈಗ ನಾಚಿಕೆಯಾಗುತ್ತದೆ. ಮಾಲೀಕರ ವಕೀಲರು ಎದ್ದು ಅಕ್ಷರ ನನ್ನದೇ, ಸೀಲು ನಮ್ಮದೇ ಎಂದು ಹೇಳಿಸಿ ಕೂತರು. ಆಮೇಲೆ ಜರೀನಾಳ ವಕೀಲರು ಕೇಳಿದರು, ‘ಈ ಹಿಸ್ಟರಿ ಹೇಳಿದ್ದು ಯಾರು?’

ಹೇಳಿದೆ. ಹೇಳಿದ್ದು ನಾಗಭೂಷಣ, ಜರೀನಾ ಬಾಯಿ ಬಿಡಲಿಲ್ಲ ಎಂದೆ. ವೇಸ್ಟ್ ಬಟ್ಟೆ, ಗ್ರೀಸು, ಜಜ್ಜಿದ ಬೆರಳು, ಡೈ ಒಳಗೆ ಬೆರಳು ಬಿದ್ದಿವೆ ಎಂದ ಅವಳ ಮಾತು, ಎಲ್ಲವನ್ನೂ ಹೇಳಿದೆ. ಕರೆತಂದವರ ಕಾಲಂ ಖಾಲಿಯಿತ್ತು. ಹಿಸ್ಟರಿಗೆ ಸೀಲು ಬಿದ್ದ ಮೇಲೆ ಅದನ್ನು ತುಂಬುವ ಅಭ್ಯಾಸ ನನಗಿರಲಿಲ್ಲ. ಇಲ್ಲದಿದ್ದರೆ ನಾಗಭೂಷಣನ ಹೆಸರಾದರೂ ಅಲ್ಲಿರುತ್ತಿತ್ತು. ಜರೀನಾ ಹಿಂದಿನ ಬೆಂಚಿನಲ್ಲಿ ಕೂತಿದ್ದಳು. ಅವಳ ಮುಖ ನೋಡಿ ನನಗೆ ಹಗುರವಾಯಿತು.

ಮಾಲೀಕರ ವಕೀಲರು ಗಾಬರಿಯಾಗಲಿಲ್ಲ. ತಾವೇ ಕರೆಸಿದ ಸಾಕ್ಷಿ ತಿರುಗಿ ಬಿದ್ದರೆ ಅವರನ್ನೇ ಪ್ರಶ್ನಿಸಲು ಕೋರ್ಟು ಅನುಮತಿ ಕೊಡುತ್ತದೆ. ಅವರು ಅನುಮತಿ ಪಡೆದು, ದಿನಾಂಕ ಮುಂದಕ್ಕೆ ಹಾಕಿಸಿಕೊಂಡರು. ಮುಂದಿನ ಸಲ ಅವರ ಕೈಯಲ್ಲಿ ಹಳೆಯ ಕೇಸೊಂದರ ನಕಲಿತ್ತು. ನಾಲ್ಕು ವರ್ಷದ ಹಿಂದೆ ಒಂದು ಬೈಕ್ ಅಪಘಾತದ ಕೇಸಿನಲ್ಲಿ ನಾನು ಇದೇ ಕಟ್ಟಡದಲ್ಲಿ ಸಾಕ್ಷಿ ಹೇಳಿದ್ದೆ. ಆಗ ವಿಮೆಯವರ ಪರವಾಗಿ ನಿಂತಿದ್ದವರು ಇದೇ ವಕೀಲರು. ಲಾರಿ ಗುದ್ದಿತು ಎಂದು ಗಾಯಾಳು ಹೇಳುತ್ತಿದ್ದ, ನನ್ನ ರಿಜಿಸ್ಟರಿನಲ್ಲಿ ತಾನೇ ಜಾರಿ ಬಿದ್ದ ಎಂದಿತ್ತು. ನಾನು ಪ್ರಮಾಣ ಮಾಡಿ ಹೇಳಿದ್ದ ಸಾಲನ್ನು ಅವರು ನಿಧಾನವಾಗಿ ಓದಿದರು: ‘ಪೇಶೆಂಟ್ ಬಾಯಿಂದ ಕೇಳಿಯೇ ನಾನು ಸೀಲು ಹಾಕುತ್ತೇನೆ.’

‘ಇದು ನೀವು ಹೇಳಿದ್ದಾ?’

‘ಹೌದು.’

‘ಅವತ್ತಿಂದು ಸುಳ್ಳೋ, ಇವತ್ತಿಂದು ಸುಳ್ಳೋ? ಯಾವುದನ್ನ ಬರ್ಕೊಳ್ಳಾಣ ಹೇಳ್ರಿ ತಾಯಿ.’

ಯಾರೋ ಹಿಂದಿನಿಂದ ನಕ್ಕರು. ನಾನು ‘ಅವತ್ತಿಂದು’ ಎಂದೆ. ದನಿ ನನಗೇ ಕೇಳಿಸಲಿಲ್ಲ. ಆ ಬೈಕಿನವನಿಗೆ ಪರಿಹಾರ ಸಿಕ್ಕಿರಲಿಲ್ಲ ಎಂಬುದು ಅಲ್ಲೇ ನಿಂತಾಗ ನೆನಪಾಯಿತು. ಅವತ್ತು ಅವನನ್ನು ಕರೆತಂದವರು ಯಾರು, ಮಾತಾಡಿದವರು ಯಾರು, ಎಷ್ಟು ಯೋಚಿಸಿದರೂ ಹೊಳೆಯಲಿಲ್ಲ. ಅವನ ಮುಖವೂ ನೆನಪಿರಲಿಲ್ಲ. ಹತ್ತೊಂಬತ್ತು ವರ್ಷದಲ್ಲಿ ಇನ್ನೆಷ್ಟು ಜನರ ಬಾಯಿಯನ್ನು ನಾನು ಸೀಲು ಹಾಕಿ ಮುಚ್ಚಿದ್ದೇನೋ ಎಂದು ಅನ್ನಿಸಿತು.

ಹೊರಗೆ ಬಂದಾಗ ಜರೀನಾ ಮೆಟ್ಟಿಲ ಬಳಿ ನಿಂತಿದ್ದಳು. ನನಗೊಂದು ಲೋಟ ಚಹಾ ತರಿಸಿಟ್ಟಿದ್ದಳು. ಅದನ್ನು ಎಡಗೈಯಲ್ಲಿ ನನಗೆ ಕೊಟ್ಟಳು.

‘ಅವತ್ತು ಒಂದು ಸಾಲು ಬರ್ದಿದ್ರೆ ಸಾಕಿತ್ತು ಸಿಸ್ಟರಮ್ಮ,’ ಎಂದಳು. ‘ಇವತ್ತು ಇಷ್ಟೊತ್ತು ನಿಂತ್ಕೊಂಡು ಮಾತಾಡಿದ್ರಿ, ಪಾಪ.’

ಚುಚ್ಚಿ ಹೇಳಿದ್ದಲ್ಲ ಅದು. ನಿಜವಾಗಿಯೂ ನನ್ನ ಮೇಲೆ ಅವಳಿಗೆ ಕನಿಕರವಿತ್ತು.

ಅವಳ ಜೊತೆಗೆ ಕೆಲಸ ಮಾಡುತ್ತಿದ್ದ ಹೆಂಗಸರಲ್ಲಿ ಒಬ್ಬರೂ ಸಾಕ್ಷಿಗೆ ಬರಲಿಲ್ಲ. ಬಂದಿದ್ದರೆ ಮಾರನೆಯ ದಿನ ಅವರಿಗೆ ಕೆಲಸವಿರುತ್ತಿರಲಿಲ್ಲ, ಅವರನ್ನು ಬೈಯಲು ನಾನು ಯಾರು? ಅರ್ಜಿ ವಜಾ ಆಯಿತು. ಆದೇಶದ ಪ್ರತಿಯನ್ನು ಅವಳ ವಕೀಲರಿಂದ ಕೇಳಿ ಪಡೆದು ಓದಿದೆ. ನನ್ನ ಬಗ್ಗೆ ಅದರಲ್ಲಿ ಎರಡು ಸಾಲಿದ್ದವು. ಸಾಕ್ಷಿಯು ಘಟನೆಯ ಹೊತ್ತಿನಲ್ಲಿ ತಾನೇ ಬರೆದ ದಾಖಲೆಗೆ ವಿರುದ್ಧವಾಗಿ ನುಡಿದಿದ್ದಾರೆ, ಹಿಂದಿನ ತಮ್ಮ ಪ್ರಮಾಣದ ಹೇಳಿಕೆಗೂ ವಿರುದ್ಧವಾಗಿ ನುಡಿದಿದ್ದಾರೆ; ಇವರ ಮಾತನ್ನು ನಂಬಲಾಗದು. ನಾನು ಬರೆದ ಸುಳ್ಳನ್ನು ನಂಬಿದರು, ಆಡಿದ ನಿಜವನ್ನು ನಂಬಲಿಲ್ಲ. ನ್ಯಾಯಾಧೀಶರನ್ನು ದೂರುವಂತಿಲ್ಲ. ಅವರ ಕುರ್ಚಿಯಲ್ಲಿ ನಾನಿದ್ದರೂ ಇಂಥ ಸಾಕ್ಷಿಯನ್ನು ನಂಬುತ್ತಿರಲಿಲ್ಲ. ಜರೀನಾ ಹೈಕೋರ್ಟಿಗೆ ಮೇಲ್ಮನವಿ ಹಾಕಿದ್ದಾಳೆ. ಇನ್ನೂ ನಡೆಯುತ್ತಿದೆ.

ಆಸ್ಪತ್ರೆಯಲ್ಲಿ ನನ್ನನ್ನು ಕ್ಯಾಶುಯಲ್ಟಿಯಿಂದ ತೆಗೆದು ಹೆರಿಗೆ ವಾರ್ಡಿಗೆ ಹಾಕಿದರು. ಹೊಸ ಸೀಲು ಬಂತು: ‘ರೋಗಿ/ಜೊತೆಗೆ ಬಂದವರು ಹೇಳಿದಂತೆ’ ಎಂದು, ಅದೂ ಇಂಗ್ಲಿಷಿನಲ್ಲೇ. ನಡುವೆ ಒಂದು ಓರೆಗೆರೆ. ಎರಡರಲ್ಲಿ ಬೇಡದ್ದನ್ನು ಹೊಡೆದುಹಾಕಬೇಕು ಎಂಬ ಏರ್ಪಾಡು. ನನ್ನ ಪ್ರಕರಣದಿಂದ ಆಸ್ಪತ್ರೆ ಕಲಿತ ಪಾಠ ಅದೇ. ನಾನು ನಿವೃತ್ತಳಾಗುವವರೆಗೂ ಆಗಾಗ ಹೋಗಿ ಪುಟ ತಿರುವಿ ನೋಡುತ್ತಿದ್ದೆ. ಯಾರೂ ಯಾವುದನ್ನೂ ಹೊಡೆಯುತ್ತಿರಲಿಲ್ಲ.

ನಿವೃತ್ತಿಯಾದ ಮೇಲೆ ದಾವಣಗೆರೆಯ ನಿಜಲಿಂಗಪ್ಪ ಬಡಾವಣೆಗೆ ಬಂದು ನೆಲೆಸಿದೆವು. ಹೋದ ವರ್ಷ ಹರಿಹರದಲ್ಲಿ ನಾದಿನಿಯ ಮನೆಗೆ ಹೋಗಿದ್ದಾಗ ಬಚ್ಚಲಲ್ಲಿ ಜಾರಿ ಬಿದ್ದು ಬಲಗೈ ಮಣಿಕಟ್ಟು ಮುರಿಯಿತು. ಯಜಮಾನರು ಹತ್ತಿರವೆಂದು ನಮ್ಮ ಹಳೆಯ ಆಸ್ಪತ್ರೆಗೇ ಕರೆದೊಯ್ದರು. ಅದೇ ಕೊಠಡಿ, ಅದೇ ಟೇಬಲ್ಲು. ಗುರುತಿಲ್ಲದ ಸಿಸ್ಟರ್ ಒಬ್ಬಳು ರಿಜಿಸ್ಟರ್ ತೆರೆದು ಯಜಮಾನರ ಮುಖ ನೋಡಿ, ‘ಹೆಂಗಾಯ್ತು ಸರ್?’ ಎಂದಳು. ಯಜಮಾನರು ಗಂಟಲು ಸರಿ ಮಾಡಿಕೊಂಡು, ‘ಇವಳಿಗೆ ಎಷ್ಟು ಹೇಳಿದ್ರೂ ಅಷ್ಟೇ ನೋಡಮ್ಮ, ನೀರು ಚೆಲ್ಲಿದ್ದನ್ನ ನೋಡ್ದೆ...’ ಎಂದು ಶುರು ಮಾಡಿದರು. ಅವರು ಆಗ ಬಚ್ಚಲ ಹತ್ತಿರ ಇರಲೇ ಇಲ್ಲ. ಹೊರಗೆ ಪೇಪರ್ ಓದುತ್ತಿದ್ದರು.

ನಾಚಿಕೆಗೇಡಿನ ಮಾತೆಂದರೆ ನಾನೂ ಸುಮ್ಮನೇ ಕೂತಿದ್ದೆ. ನೋವಿನಲ್ಲಿ ಮಾತು ಬೇಡವಾಗಿತ್ತು, ಯಾರಾದರೂ ಹೇಳಿ ಮುಗಿಸಲಿ ಅನ್ನಿಸಿತ್ತು. ಅವಳು ಬರೆದಳು, ಸೀಲು ಎತ್ತಿದಳು. ಒತ್ತಿದ ಸದ್ದು ಕೇಳಿದ ಮೇಲೆ ನನಗೆ ಎಚ್ಚರವಾಯಿತು.

‘ಪೆನ್ ಕೊಡವ್ವ ಇಲ್ಲಿ,’ ಎಂದೆ. ‘ಬಿದ್ದದ್ದು ನಾನು. ನನ್ನನ್ನ ಕೇಳು.’

ಅವಳು ನಕ್ಕು ಕೇಳಿದಳು, ನಾನು ಹೇಳಿದೆ. ಅವಳ ಸಾಲನ್ನು ನಾನೇ ಎಡಗೈಯಿಂದ ಹೊಡೆದೆ, ಗೆರೆ ಸೊಟ್ಟಗೆ ಹೋಯಿತು. ಅವಳು ಪಕ್ಕದಲ್ಲಿ ನನ್ನ ಮಾತು ಬರೆದು ಡಾಕ್ಟರ ಸಹಿ ಹಾಕಿಸಿದಳು. ಎಲ್ಲ ಸೇರಿ ಎರಡು ನಿಮಿಷವೂ ಹಿಡಿಯಲಿಲ್ಲ. ನನ್ನ ಗಾಯಕ್ಕೆ ಯಾವ ಕೋರ್ಟೂ ಇಲ್ಲ, ಯಾವ ಪರಿಹಾರವೂ ಬರಬೇಕಾಗಿಲ್ಲ. ಯಾರಿಗೂ ಬೇಡದ ಕಡೆ ಆ ಗೆರೆ ಬಿತ್ತು. ಅದು ಬೇಕಾಗಿದ್ದ ಪುಟ ಅದೇ ಕೊಠಡಿಯ ಕಪಾಟಿನಲ್ಲಿ, ಒಂದು ಹೊಡೆದ ಗೆರೆಯೂ ಇಲ್ಲದೆ, ನನ್ನ ಚೆಂದದ ಅಕ್ಷರದಲ್ಲಿ ಹಾಗೆಯೇ ಇದೆ.